ಬೆರಕೆ ಸೊಪ್ಪಿಗೊಂದು ಜಾಗ

“ಅತ್ತೆ, ಫೋನಲ್ಲೇನ್ ಬಸ್ಸಾರು ಮಾಡಿದೀರಾ?” ಎಂದಳು ಸೊಸೆ ಲಕ್ಷ್ಮಿ, ಬೆಳಿಗ್ಗೆ ಕಾಫಿ ಲೋಟ ಕೈಗೆ ಕೊಡುವ ಮೊದಲೇ.

ನೋಡಿದರೆ ಫೋನಿನ ಗಾಜಿನ ತುಂಬ ಹಸಿರು ಗೆರೆ. ಸೊಪ್ಪು ಬಿಡಿಸುತ್ತಾ ನಡುನಡುವೆ ನಾಲ್ಕಕ್ಷರ ಒತ್ತಿದ್ದೆ, ಅದರ ಫಲ. ತಪ್ಪು ನನ್ನದಲ್ಲ, ನನ್ನ ಹೆಬ್ಬೆರಳಿನ ಉಗುರಿನದು. ಏಳು ವರ್ಷದ ಹುಡುಗಿಯಾಗಿದ್ದಾಗಿನಿಂದ ಸೊಪ್ಪು ಚಿವುಟಿ ಚಿವುಟಿ ಅದರ ಹುಟ್ಟು ಬಣ್ಣ ಯಾವುದಿತ್ತು ಎಂಬುದು ನನಗೇ ಮರೆತುಹೋಗಿದೆ. ನನ್ನ ಮದುವೆಯ ಹಿಂದಿನ ದಿನ ಮದರಂಗಿ ಹಚ್ಚಲು ಬಂದ ಹೆಂಗಸು ಆ ಉಗುರನ್ನು ತಿರುಗಿಸಿ ತಿರುಗಿಸಿ ನೋಡಿ, “ಇದ್ಕೆ ಯಾರೋ ಮೊದ್ಲೇ ಏನೋ ಹಚ್ಬುಟ್ಟವ್ರಲ್ಲಮ್ಮ” ಎಂದಿದ್ದಳು. ಗಂಡಿನ ಮನೆಯವರಿಗೆ ಕಾಣದಿರಲಿ ಎಂದು ನಮ್ಮವ್ವ ಧಾರೆಯ ಹೊತ್ತಿನಲ್ಲಿ ಆ ಬೆರಳನ್ನು ಮಡಿಚಿಕೋ ಎಂದು ಪಿಸುಗುಟ್ಟಿದಳು. ಮಡಿಚಿಕೊಂಡೇ ಮದುವೆಯಾದೆ. ನನ್ನ ಗಂಡನಿಗೆ ಅದು ಗೊತ್ತಾದದ್ದು ಮೂರನೇ ದಿನ, ನಾನು ಅವರ ಹೊಲದ ಬದುವಿನಲ್ಲಿ ಬಗ್ಗಿ ಕೂತಿದ್ದಾಗ.

ಈ ಟೈಪು ಮಾಡುವ ವಿದ್ಯೆಯನ್ನು ಲಕ್ಷ್ಮಿಯೇ ಕಲಿಸಿದ್ದು. ಅವಳು ಅಂಗನವಾಡಿ ಟೀಚರು. ಮೂರು ವರ್ಷದ ಮಕ್ಕಳ ಮೇಲೆ ತೋರಿಸುವ ತಾಳ್ಮೆಯಲ್ಲಿ ಕಾಲುಭಾಗವನ್ನೂ ನನ್ನ ಮೇಲೆ ತೋರಿಸಲಿಲ್ಲ ಎಂಬುದನ್ನು ಇಲ್ಲಿ ಬರೆದಿಡುತ್ತೇನೆ, ಅವಳು ಓದಲಿ. ಕಲಿತಾಯಿತು, ಇನ್ನು ಏನಾದರೂ ಬರೆಯಬೇಕಲ್ಲ. ನಮ್ಮೂರಿನ ವಾಟ್ಸಾಪ್ ಗುಂಪಿನಲ್ಲಿ ಬೆಳಗಾದರೆ ಪಂಚಾಯಿತಿಯನ್ನು ಬೈಯುವವರ ಸಾಲೇ ನಿಂತಿರುತ್ತದೆ. ಚರಂಡಿಗೆ ಬೈಯುತ್ತಾರೆ, ಬೀದಿದೀಪಕ್ಕೆ ಬೈಯುತ್ತಾರೆ, ನಾಯಿಗೂ ಪಂಚಾಯಿತಿಯನ್ನೇ ಬೈಯುತ್ತಾರೆ. ಬೈಯಲಿ, ಬೈಯುವುದಕ್ಕೂ ಜನ ಬೇಕು. ನನಗೆ ಮಾತ್ರ ಒಂದು ಸಲ ಹೊಗಳಬೇಕು ಅನ್ನಿಸಿದೆ. ಆ ಗುಂಪಿನಲ್ಲಿ ಹೊಗಳಿದರೆ ಅಜ್ಜಿಗೆ ಎಷ್ಟು ಕೊಟ್ಟರು ಎಂದು ಕೇಳುತ್ತಾರೆ. ಅದಕ್ಕೇ ಇಲ್ಲಿ, ನಿಮ್ಮ ಮುಂದೆ.

ಬೆರಕೆ ಸೊಪ್ಪು ಎಂದರೆ ನಿಮಗೆ ಗೊತ್ತಿರಬಹುದು. ಯಾರೂ ಬಿತ್ತದೆ, ಯಾರೂ ನೀರು ಹಾಯಿಸದೆ, ಹೊಲದ ಬದುವಿನಲ್ಲಿ, ಹಿತ್ತಲ ಮೂಲೆಯಲ್ಲಿ, ನೀರಿನ ಕುಂಟೆಯ ದಂಡೆಯಲ್ಲಿ ತಾನಾಗಿ ಹುಟ್ಟುವ ಸೊಪ್ಪುಗಳು. ಅಣ್ಣೆ, ಗಣಿಕೆ, ಹೊನಗನ್ನೆ, ಗೋಣಿ, ಕನ್ನೆ, ಕೀರೆ. ಒಂದೊಂದೂ ಒಂದೊಂದು ಹಿಡಿ ಮಾತ್ರ ಸಿಗುತ್ತದೆ, ಒಂದೇ ಸೊಪ್ಪಿನಿಂದ ಸಾರಾಗುವುದಿಲ್ಲ. ಎಲ್ಲವನ್ನೂ ಬೆರೆಸಿ, ಬೇಳೆ ಜೊತೆ ಬೇಯಿಸಿ, ಕಟ್ಟು ಬಸಿದರೆ ಆ ಬಸ್ಸಾರಿಗೆ ಎರಡು ಮುದ್ದೆ ಸಾಲುವುದಿಲ್ಲ. ನಮ್ಮವ್ವನ ಹಿಂದೆ ನಾನು ಸೊಪ್ಪಿಗೆ ಹೋಗುತ್ತಿದ್ದ ಕಾಲದಲ್ಲಿ ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮಡಿಲು ಮಾಡಿಕೊಳ್ಳುತ್ತಿದ್ದಳು. ನಾನು ಲಂಗ ಎತ್ತಿ ಹಿಡಿದು ಅವಳಂತೆಯೇ ಮಡಿಲು ಮಾಡಿಕೊಂಡು ಮಂಡಿಗೆ ಮುಳ್ಳು ಗೀರಿಸಿಕೊಳ್ಳುತ್ತಿದ್ದೆ. ಆ ಮಡಿಲಿನ ಸೊಪ್ಪಿನ ಬಿಸಿ ಈಗಲೂ ನೆನಪಿದೆ. ಬಿಸಿಲಲ್ಲಿ ಕಿತ್ತ ಸೊಪ್ಪು ಹೊಟ್ಟೆಯ ಮೇಲೆ ಕರು ಮಲಗಿದ ಹಾಗೆ ಬೆಚ್ಚಗಿರುತ್ತದೆ.

ಅವ್ವನ ಕಾನೂನು ಎರಡೇ. ಬೇರು ಕೀಳಬಾರದು, ತುದಿ ಚಿವುಟಬೇಕು. ಹೂ ಬಿಟ್ಟದ್ದನ್ನು ಮುಟ್ಟಬಾರದು, ಅದು ಮುಂದಿನ ಮಳೆಗೆ ಬೀಜ. ಬದು ಯಾರದು ಎಂದು ಮಾತ್ರ ಕೇಳುವಂತಿರಲಿಲ್ಲ. ನಮ್ಮೂರಲ್ಲಿ ಹೊಲಕ್ಕೆ ಯಜಮಾನನುಂಟು, ಬದುವಿನ ಸೊಪ್ಪಿಗಿಲ್ಲ. ಜಗಳವಾಡಿ ಮಾತು ಬಿಟ್ಟ ಮನೆಯವರ ಬದುವಿನಲ್ಲೂ ಹೆಂಗಸರು ಸೊಪ್ಪು ಚಿವುಟುತ್ತಿದ್ದರು. ಮುಖ ಮಾತ್ರ ಆ ಕಡೆ ತಿರುಗಿಸಿಕೊಂಡು.

ಶಾಲೆಯಲ್ಲಿ ನನ್ನನ್ನು ಸೊಪ್ಪಿನ ಗೌರಿ ಎನ್ನುತ್ತಿದ್ದರು. ಅಂಗಡಿಯಿಂದ ತರಕಾರಿ ತರಲಾಗದವರ ಮನೆಯ ಸಾರು ಅದು ಎಂದು ಎಲ್ಲರಿಗೂ ಗೊತ್ತಿತ್ತು. ಹಾಗಂದವರೆಲ್ಲ ಮಧ್ಯಾಹ್ನ ನನ್ನ ಬುತ್ತಿಯ ಪಕ್ಕವೇ ಕೂರುತ್ತಿದ್ದರು, ಅದು ಬೇರೆ ಮಾತು.

ಮದುವೆಯಾಗಿ ಈ ಊರಿಗೆ ಬಂದಾಗ ನಮಗೆ ಎರಡೂವರೆ ಎಕರೆ ಇತ್ತು. ಬಾಶೆಟ್ಟಿಹಳ್ಳಿಯ ಕಡೆಯಿಂದ ಕಾರ್ಖಾನೆಗಳು ಒಂದೊಂದೇ ಹೆಜ್ಜೆ ಇಟ್ಟುಕೊಂಡು ಬಂದವು. ನಮ್ಮ ಹೊಲ ಇದ್ದ ಜಾಗದಲ್ಲಿ ಈಗ ದೊಡ್ಡ ಶೆಡ್ಡು, ಅದರಲ್ಲಿ ನನ್ನ ಮಗನಿಗೆ ಕೆಲಸ. ಅವನಿಗೆ ಬೆಳಿಗ್ಗೆಯ ಶಿಫ್ಟು ಇದ್ದಾಗ “ಹೊಲಕ್ಕೆ ಹೋಗ್ಬತ್ತೀನವ್ವ” ಎಂದೇ ಹೇಳಿ ಹೋಗುತ್ತಾನೆ. ತಮಾಷೆಗೆ ಹೇಳುತ್ತಾನೆ, ನಾನೂ ನಗುತ್ತೇನೆ. ಉಳಿದದ್ದು ಮನೆಯ ಹಿಂದಿನ ಹಿತ್ತಲು, ಇಪ್ಪತ್ತು ಹೆಜ್ಜೆ ಹಾಕಿದರೆ ಮುಗಿಯಿತು. ಜೊತೆಗೆ ಊರವರ ಬದುಗಳು ಇದ್ದೇ ಇದ್ದವು.

ಹೀಗೆ ಆರಿಸಿದ ಸೊಪ್ಪನ್ನು ಕಾರ್ಖಾನೆಗಳಿಗೆ ಹೋಗುವ ರಸ್ತೆಯ ಅಂಚಿನಲ್ಲಿ ಗೋಣಿಚೀಲ ಹಾಸಿಕೊಂಡು ಎಂಟು ವರ್ಷ ಮಾರಿದೆ. ಸಂಜೆ ಶಿಫ್ಟು ಬಿಟ್ಟಾಗ ಹುಡುಗಿಯರು ಬಸ್ಸಿಗೆ ಓಡುತ್ತಾ ನಿಂತು ಕೊಳ್ಳುತ್ತಿದ್ದರು. ಎಲ್ಲರೂ ಬಾಡಿಗೆ ಕೋಣೆಗಳಲ್ಲಿ ಮೂರು ಮೂರು ಜನ ಇರುವವರು. ಸೊಪ್ಪು ಸೋಸಲು ಅವರಿಗೆ ಪುರುಸೊತ್ತೆಲ್ಲಿ? ಅದಕ್ಕೇ ನಾನು ಕಸಕಡ್ಡಿ ತೆಗೆದು, ಸೋಸಿ, ಬಾಳೆನಾರಿನಲ್ಲಿ ಕಟ್ಟಿ ಒಯ್ಯುತ್ತಿದ್ದೆ. ಗೌರಿಬಿದನೂರಿನ ಕಡೆಯ ಮಂಜುಳಾ ಎಂಬ ಹುಡುಗಿ ಮೊದಲ ಸಲ ಕಟ್ಟನ್ನು ಮೂಗಿಗೆ ಹಿಡಿದು, “ಅಜ್ಜೀ, ಇದು ನಮ್ಮಮ್ಮನ ಅಡುಗೇಮನೆ ವಾಸನೆ” ಎಂದಳು. ಅವತ್ತಿನಿಂದ ಅವಳ ಕಟ್ಟು ಒಂದು ಹಿಡಿ ದಪ್ಪ.

ಆಮೇಲೆ ರಸ್ತೆ ಅಗಲವಾಯಿತು. ಲಾರಿಗಳ ಗಾಳಿಗೆ ನನ್ನ ಸೆರಗೇ ನಿಲ್ಲುತ್ತಿರಲಿಲ್ಲ, ಸೊಪ್ಪು ನಿಂತೀತೇ? ಅಂಚಿನಲ್ಲಿ ಯಾರೂ ಕೂರಬಾರದು ಎಂದರು. ಅದೂ ಸರಿಯೇ, ಒಂದು ಸಲ ಟೆಂಪೊ ಚಕ್ರ ನನ್ನ ಗೋಣಿಚೀಲದ ಮೇಲೆ ಹತ್ತಿತ್ತು. ಎದ್ದು ಮನೆಗೆ ಬಂದೆ. ನಾಲ್ಕು ತಿಂಗಳು ಟೀವಿ ಮುಂದೆ ಕೂತೆ. ಆ ನಾಲ್ಕು ತಿಂಗಳಲ್ಲಿ ನನಗೆ ವಯಸ್ಸಾಯಿತು ನೋಡಿ. ಅದಕ್ಕೆ ಮೊದಲು ವರ್ಷ ಆಗಿತ್ತು, ವಯಸ್ಸು ಆಗಿರಲಿಲ್ಲ.

ಆಗಲೇ ನಮ್ಮ ಗ್ರಾಮ ಪಂಚಾಯಿತಿಯವರು ಬಸ್‌ಸ್ಟಾಪಿನ ಪಕ್ಕ ಒಂದು ಕಟ್ಟೆ ಕಟ್ಟಿಸಿದ್ದು. ಮೇಲೆ ಶೀಟು, ಪಕ್ಕದಲ್ಲಿ ನಲ್ಲಿ, ಕೂರಲು ಸಿಮೆಂಟಿನ ಜಗಲಿ. ಊರವರು ಬೆಳೆದದ್ದನ್ನು ಊರವರಿಗೂ ಕಾರ್ಖಾನೆಯ ಕೆಲಸಗಾರರಿಗೂ ನೇರವಾಗಿ ಮಾರಲಿ ಎಂದು. ಪಿಡಿಒ ಮೇಡಂ ಹೊಸಬರು, ಚಿಕ್ಕ ವಯಸ್ಸು, ಮಾತು ಕಡಿಮೆ, ಸ್ಕೂಟರಿನಲ್ಲಿ ಓಡಾಡುತ್ತಾರೆ. ಅವರು ಒಂದೇ ನಿಯಮ ಹಾಕಿದರು: ಜಾಗ ಸಿಗುವುದು ಈ ಪಂಚಾಯಿತಿಯ ಬೆಳೆಗಾರರಿಗೆ ಮಾತ್ರ. ಇಲ್ಲದಿದ್ದರೆ ಪೇಟೆಯ ಮಂಡಿಯಿಂದ ಮೂಟೆ ತಂದು ಸುರಿಯುವವರು ಬೆಳಗಾಗುವಷ್ಟರಲ್ಲಿ ಕಟ್ಟೆ ತುಂಬಿಬಿಡುತ್ತಾರೆ. ಒಳ್ಳೆಯ ನಿಯಮ. ನಾನೇ ಮೊದಲು ಚಪ್ಪಾಳೆ ತಟ್ಟಿದೆ. ಆ ನಿಯಮ ನನ್ನ ಕಾಲಿಗೇ ಸುತ್ತಿಕೊಳ್ಳುತ್ತದೆ ಎಂದು ಗೊತ್ತಾದದ್ದು ಅರ್ಜಿ ತುಂಬುವಾಗ.

“ಪಹಣಿ ನಂಬರ್ ಕೇಳ್ತಾವ್ರೆ ಅತ್ತೆ,” ಎಂದಳು ಲಕ್ಷ್ಮಿ.

“ಇಲ್ಲ ಅಂತ ಬರಿ.”

“ಬೆಳೆ ಯಾವ್ದು?”

“ಬೆರಕೆ ಸೊಪ್ಪು.”

“ಅದು ನೀವ್ ಬೆಳ್ದಿದ್ದಾ?”

“ನಾನ್ ಕಿತ್ತಾಕಿಲ್ವಲ್ಲ. ಅದೂ ಬೆಳ್ಸಿದ್ ಲೆಕ್ಕಾನೇ ಬರಿ.”

ಅವಳು ನಗುತ್ತಾ ಬರೆದಳು. ಒಂದು ವಾರಕ್ಕೆ ಪಂಚಾಯಿತಿಯಿಂದ ಹೇಳಿಕಳಿಸಿದರು: ಶುಕ್ರವಾರ ಬೆಳಿಗ್ಗೆ ಮೇಡಂ ಬೆಳೆ ನೋಡಲು ಬರುತ್ತಾರೆ, ಹಿತ್ತಲಲ್ಲಿ ಬೆಳೆ ಕಂಡರೆ ಪಹಣಿ ಇಲ್ಲದಿದ್ದರೂ ಜಾಗದ ವಿಚಾರ ಮಾಡಬಹುದು. ಆಗ ತಾನೇ ಎರಡು ಹದ ಮಳೆ ಬಿದ್ದಿತ್ತು. ನನ್ನ ಹಿತ್ತಲು ಹಸಿರು ಕಂಬಳಿ ಹೊದ್ದ ಹಾಗಿತ್ತು.

ಇಲ್ಲಿ ನಮ್ಮ ಜನದ ಒಂದು ಗುಣ ಹೇಳಬೇಕು. ಮನೆಗೆ ದೊಡ್ಡವರು ಬರುತ್ತಾರೆ ಎಂದರೆ ನಮ್ಮ ಕೈ ಸುಮ್ಮನಿರುವುದಿಲ್ಲ. ಗುಡಿಸಬೇಕು, ಸಾರಿಸಬೇಕು. ನಮ್ಮಕ್ಕನನ್ನು ನೋಡಲು ಗಂಡಿನ ಕಡೆಯವರು ಬಂದಾಗ ಅವ್ವ ಗೋಡೆಗಷ್ಟೇ ಅಲ್ಲ, ಅಂಗಳದ ಹುಣಸೇಮರಕ್ಕೂ ಆಳೆತ್ತರ ಸುಣ್ಣ ಬಳಿಸಿದ್ದಳು. ಗಂಡಿನ ತಂದೆ ಊಟ ಮಾಡಿ ಆ ಮರಕ್ಕೆ ಒರಗಿ ಎಲೆಯಡಿಕೆ ಹಾಕಿಕೊಂಡರು. ಕರಿ ಕೋಟು. ಎದ್ದು ನಿಂತಾಗ ಬೆನ್ನ ಮೇಲೆ ಅರ್ಧ ಮರ ಇತ್ತು. ಯಾರಿಗೂ ಹೇಳುವ ಧೈರ್ಯವಿಲ್ಲ, ಹಾಗೆಯೇ ಬಸ್ಸು ಹತ್ತಿಸಿದೆವು. ಸಂಬಂಧವಂತೂ ಕುದುರಿತು. ಅಕ್ಕನ ಮಾವ ಸಾಯುವವರೆಗೂ ಆ ಸುಣ್ಣದ ಮಾತು ಎತ್ತಿ ಎತ್ತಿ ನಮ್ಮನ್ನು ಆಡಿಕೊಂಡರು.

ಆ ತಾಯಿಯ ಮಗಳು ನಾನು. ಶುಕ್ರವಾರ ಕೋಳಿ ಕೂಗುವ ಹೊತ್ತಿಗೆ ಎದ್ದೆ. ಮೇಡಂ ಬರುತ್ತಾರೆ, ಹಿತ್ತಲು ಹೀಗಿದ್ದರೆ ಏನೆಂದುಕೊಂಡಾರು? ಕುಡುಗೋಲು ಹಿಡಿದೆ. ಜೀವಮಾನದಲ್ಲಿ ಒಂದು ಬೇರು ಕಿತ್ತವಳಲ್ಲ, ಅವತ್ತು ಬೇರು ಸಮೇತ ಕಿತ್ತೆ. ಎಲ್ಲವನ್ನೂ ಬಿದಿರಿನ ಮಂಕರಿಯಲ್ಲಿ ತುಂಬಿ ತಿಪ್ಪೆಗೆ ಹಾಕಿದೆ. ನೆಲ ಕೆತ್ತಿ, ನೀರು ಚಿಮುಕಿಸಿ, ಸೆಗಣಿ ಸಾರಿಸಿದೆ. ಎಂಟು ಎಳೆಯ ರಂಗೋಲಿ ಬಿಟ್ಟೆ. ಅಷ್ಟು ಚೊಕ್ಕವಾದ ಹಿತ್ತಲನ್ನು ನಮ್ಮ ಬೀದಿ ಕಂಡೇ ಇರಲಿಲ್ಲ. ಸೊಂಟಕ್ಕೆ ಕೈಯಿಟ್ಟು ನಿಂತು ನೋಡಿ ಹೆಮ್ಮೆಪಟ್ಟೆ ಕೂಡ.

ಹತ್ತು ಗಂಟೆಗೆ ಮೇಡಂ ಬಂದರು. ಚಪ್ಪಲಿ ಬಿಟ್ಟು, ರಂಗೋಲಿ ತುಳಿಯದ ಹಾಗೆ ಪಕ್ಕದಲ್ಲಿ ನಿಂತು, ಕಾಗದ ನೋಡಿ, ಹಿತ್ತಲು ನೋಡಿ, ಮತ್ತೆ ಕಾಗದ ನೋಡಿದರು.

“ಅಜ್ಜೀ, ಬೆಳೆ ಎಲ್ಲಿ?”

ಆ ಕ್ಷಣಕ್ಕೆ ನನಗೆ ಹೊಳೆಯಿತು. ಕಾಲ ಕೆಳಗಿನ ನೆಲ ಜಾರಿತು ಎನ್ನೋಣ ಎಂದರೆ, ಸಾರಿಸಿದ ನೆಲ, ನಿಜವಾಗಿಯೂ ಜಾರುತ್ತಿತ್ತು.

“ಕಿತ್ತಾಕ್ಬುಟ್ಟೆ ತಾಯಿ.”

“ಯಾಕೆ?”

“ನೀವ್ ಬತ್ತೀರಾ ಅಂತ.”

ಹಿಂದಿನಿಂದ ಲಕ್ಷ್ಮಿ, “ಅಯ್ಯೋ ಅತ್ತೆ!” ಎಂದು ಹಣೆಗೆ ಕೈ ಹಚ್ಚಿದಳು. ಮೇಡಂ ತುಟಿ ಬಿಗಿಹಿಡಿದರು. ಕೋಪ ಎಂದುಕೊಂಡೆ. ಆಮೇಲೆ ನೋಡಿದರೆ ಭುಜ ಅಲುಗುತ್ತಿತ್ತು. ನಕ್ಕು ನಕ್ಕು ಕಣ್ಣೊರೆಸಿಕೊಂಡು, “ಕಿತ್ತು ಎಲ್ಲಿಗ್ ಹಾಕಿದ್ರಿ?” ಎಂದರು. ತಿಪ್ಪೆ ತೋರಿಸಿದೆ. ಆ ಹುಡುಗಿ ಪ್ಯಾಂಟು ಮಡಿಚಿಕೊಂಡು ತಿಪ್ಪೆಯ ಪಕ್ಕ ಕುಕ್ಕರಗಾಲಲ್ಲಿ ಕೂತೇಬಿಟ್ಟಳು. ಒಂದೊಂದೇ ಗಿಡ ಎತ್ತುವುದು, ಇದೇನು ಎಂದು ಕೇಳುವುದು. ನಾನು ಹೆಸರು ಹೇಳುವುದು, ಯಾವುದಕ್ಕೆ ಹುಳಿ ಹಿಂಡಬೇಕು, ಯಾವುದನ್ನು ಒಂದು ಕುದಿ ನೀರು ಚೆಲ್ಲಿ ಬೇಯಿಸಬೇಕು, ಯಾವುದನ್ನು ಬಾಣಂತಿಗೆ ಕೊಡಬೇಕು ಎಂದು ಹೇಳುವುದು. ಹನ್ನೊಂದು ಬಗೆ ಸಿಕ್ಕಿತು. ಹನ್ನೊಂದನ್ನೂ ಬರೆದುಕೊಂಡರು.

ಎದ್ದು ನಿಂತು ಹೇಳಿದ್ದು ಮಾತ್ರ ಬೇರೆ. “ಅಜ್ಜೀ, ನನಗೆ ನಂಬಿಕೆ ಇದೆ. ಆದ್ರೆ ನೆಲದ ಮೇಲೆ ಬೆಳೆ ಇಲ್ದೆ ನಾನು ಬೆಳೆಗಾರರು ಅಂತ ಬರೆಯಕ್ಕಾಗಲ್ಲ. ನಿಮಗೊಬ್ರಿಗೆ ಸಡಿಲ ಮಾಡಿದ್ರೆ ನಾಳೆ ಮಂಡಿಯೋರಿಗೆ ಏನ್ ಹೇಳ್ಲಿ? ಗ್ರಾಮಸಭೆಗೆ ಬನ್ನಿ. ಅಲ್ಲಿ ಎಲ್ರೂ ಸೇರಿ ತೀರ್ಮಾನ ಮಾಡ್ಲಿ.”

ಅವತ್ತು ಆ ತಿಪ್ಪೆಯ ಸೊಪ್ಪನ್ನೇ ತೊಳೆದು ಸಾರು ಮಾಡಿದೆವು. ನಾನು ಅರ್ಧ ಮುದ್ದೆಗೇ ಕೈ ತೊಳೆದೆ. ಜಾಗ ಸಿಗದಿದ್ದರೆ ಮತ್ತೆ ಟೀವಿ ಎಂಬುದೇ ಕಣ್ಣ ಮುಂದೆ.

ಗ್ರಾಮಸಭೆ ನಡೆದದ್ದು ಸಮುದಾಯ ಭವನದಲ್ಲಿ. ನನ್ನ ಹೆಸರು ಬಂದಾಗ ಮೊದಲು ಎದ್ದವನು ನಂಜಪ್ಪ. ದ್ರಾಕ್ಷಿ ತೋಟದ ಯಜಮಾನ, ನಮ್ಮ ಹಳೆಯ ಹೊಲದ ಪಕ್ಕದವನು, ವರಸೆಯಲ್ಲಿ ನನಗೆ ಮೈದುನ. ನನ್ನನ್ನು ರೇಗಿಸದಿದ್ದರೆ ಅವನಿಗೆ ಊಟ ಸೇರುವುದಿಲ್ಲ.

“ಮೇಡಂ, ಆ ಸೊಪ್ಪು ನಮ್ ತೋಟದ್ ಬದೀಂದು. ಬೆಳೆಗಾರ ನಾನು. ಜಾಗ ನನಗ್ ಕೊಡ್ಬೇಕು, ಅತ್ತಿಗೆಗಲ್ಲ!”

ಜನ ಹೋ ಎಂದರು. ನಾನೂ ಎದ್ದೆ.

“ಆಗ್ಲಿ ಕಣಪ್ಪ ನಂಜಪ್ಪ, ನಿಂದೇ. ಬಾ, ಕಟ್ಟೆ ಮೇಲೆ ಕೂತ್ಕ. ಗಣಿಕೆ ಸೊಪ್ಪು ಕೊಡಿ ಅಂತ ಗಿರಾಕಿ ಕೇಳಿದ್ರೆ ದ್ರಾಕ್ಷಿ ಎಲೆ ಕಟ್ ಕೊಡು.”

“ಸೊಪ್ಪು ಅಂದ್ರೆ ಸೊಪ್ಪು, ಅದ್ರಲ್ಲೇನ್ ಅತ್ತಿಗೆ!”

“ಏನಿಲ್ಲ ಕಣಪ್ಪ. ನಿನ್ ಬದಿಗೆ ನೀನ್ ಕಳೆ ಔಷಧಿ ಹೊಡ್ದು ಮೂರ್ ಮಳೆ ಆಯ್ತು. ಅವತ್ತಿಂದ ನಾನಲ್ಲಿ ಕಾಲಿಟ್ಟಿಲ್ಲ. ಅಲ್ಲೇನೂ ಹುಟ್ಟಾಕಿಲ್ಲ. ನೀನ್ ಹೊಟ್ಟೇಲಿದ್ದಾಗ ನಿಮ್ಮವ್ವಂಗೆ ಏನೂ ಸೇರ್ತಿರ್ಲಿಲ್ಲ, ಅದೇ ಬದೀನ ಅಣ್ಣೆ ಸೊಪ್ಪು ಒಂದೇ ಸೇರ್ತಿದ್ದಿದ್ದು ಅಂತ ನಮ್ಮತ್ತೆ ಹೇಳೋರು. ಅದ್ಕೆ ನಿನ್ ಮೈ ಇಷ್ಟ್ ಗಟ್ಟಿ, ನಾಲ್ಗೆ ಇಷ್ಟ್ ಉದ್ದ.”

ನಗು ಬಂತು, ಆದರೆ ಮೊದಲಿನಷ್ಟು ಜೋರಾಗಿ ಬರಲಿಲ್ಲ. ನಂಜಪ್ಪ ಕೂತ. ಟವೆಲು ಕೊಡವಿದ. ಮತ್ತೆ ಹೆಗಲಿಗೆ ಹಾಕಿಕೊಂಡ.

ಆಗ ಮಾತಾಡಿದ್ದು ಅಧ್ಯಕ್ಷೆ ರತ್ನಮ್ಮ. ಅವಳು ಅಧ್ಯಕ್ಷೆಯಾಗಿ ಒಂದು ವರ್ಷವಾಗಿದ್ದರೂ ಸಭೆಯಲ್ಲಿ ಅವಳ ಧ್ವನಿ ಕೇಳಿದವರು ಕಡಿಮೆ. “ಮೇಡಂ, ಊರ ಕುಂಟೆ ದಂಡೆ ಪಂಚಾಯ್ತಿ ಜಾಗ ಅಲ್ವಾ?”

“ಹೌದಮ್ಮ.”

“ಹೋದ್ ವರ್ಷ ಉದ್ಯೋಗ ಖಾತ್ರೀಲಿ ಹೂಳೆತ್ತಿದ್ವಿ. ಈಗ ದಂಡೆ ತುಂಬ ಸೊಪ್ಪು ಬಂದೈತೆ. ಪ್ರತಿ ಸಲ ಸ್ವಾತಂತ್ರ್ಯ ದಿನಾಚರಣೆ ಬಂದ್ರೆ ನಾವೇ ಆಳಿಟ್ಟು ಕೆತ್ತಿಸ್ತೀವಿ. ಈ ಯಮ್ಮ ಹಿತ್ಲು ಕೆತ್ತಿದ್ದಕ್ಕೆ ಎಲ್ರೂ ನಗ್ತಾವ್ರೆ. ನಾವು ವರ್ಷಾ ವರ್ಷಾ ಮಾಡ್ತಿರೋದೂ ಅದೇ ಅಲ್ವಾ?”

ಮೇಡಂ ಪೆನ್ನು ಕೆಳಗಿಟ್ಟರು.

“ಆ ದಂಡೇನ ಗೌರಮ್ಮಂಗೆ ನೋಡ್ಕಳಕ್ಕೆ ಕೊಡಾನ,” ಎಂದಳು ರತ್ನಮ್ಮ. “ಬೇರು ಕೀಳಂಗಿಲ್ಲ, ಔಷಧಿ ಹೊಡ್ಯಂಗಿಲ್ಲ. ಊರ ಹೆಂಗಸ್ರು ಮನೆ ಸಾರಿಗೆ ಚಿವುಟ್ಕಂಡ್ರೆ ಬೇಡ ಅನ್ನಂಗಿಲ್ಲ. ಮಿಕ್ಕಿದ್ದು ಅವಳು ಮಾರ್ಲಿ. ಆಗ ಅವಳು ಬೆಳೆಗಾರ್ತಿ ಆಗ್ತಾಳಲ್ವಾ ಮೇಡಂ?”

“ಆಗ್ತಾರೆ,” ಎಂದರು ಮೇಡಂ. ಎಲ್ಲರೂ ಕೈ ಎತ್ತಿದರು. ನಾನು ಯಾರು ಕೈ ಎತ್ತಿಲ್ಲ ಎಂದು ತಿರುಗಿ ತಿರುಗಿ ನೋಡುತ್ತಿದ್ದೆ, ಚಾಳಿ. ನಂಜಪ್ಪನದು ಕೊನೆಗೆ ಎದ್ದಿತು, ಅದೂ ಎರಡೂ ಕೈ. “ಬರ್ಕಳಿ ಮೇಡಂ, ನಮ್ ಬದೀಗೂ ಇನ್ಮೇಲೆ ಔಷಧಿ ಹೊಡ್ಯಲ್ಲ. ನಮ್ಮತ್ತಿಗೆ ಕಾಟ ತಡ್ಯಕಾಗಲ್ಲ.”

ಅದನ್ನೂ ಬರೆದುಕೊಂಡರು. ನಡಾವಳಿ ಪುಸ್ತಕದಲ್ಲಿ ಗೌರಮ್ಮ, ಬೆಳೆಗಾರರು, ಬೆಳೆ ಬೆರಕೆ ಸೊಪ್ಪು ಎಂದಿದೆ. ರುಜು ಮಾಡುವಾಗ ನನ್ನ ಹೆಸರು ಗುಡ್ಡ ಹತ್ತಿ ಇಳಿದ ಹಾಗೆ ಬಂತು. ರತ್ನಮ್ಮನಿಗೆ ಏನಾದರೂ ಹೇಳಬೇಕು ಎಂದುಕೊಂಡೆ. ನಮ್ಮ ಕಡೆ ಥ್ಯಾಂಕ್ಸ್ ಹೇಳುವ ಅಭ್ಯಾಸ ಇಲ್ಲ, ಬಾಯಿಗೆ ಬರುವುದೂ ಇಲ್ಲ. “ನಿನ್ ಧ್ವನಿ ಚೆನ್ನಾಗೈತೆ ಕಣೇ, ಇಷ್ಟ್ ದಿನ ಎಲ್ಲಿಟ್ಟಿದ್ದೆ?” ಎಂದೆ. ಅವಳಿಗೆ ಅರ್ಥವಾಯಿತು.

ಕಟ್ಟೆಯ ಮೇಲೆ ನನಗೆ ಕೊಟ್ಟದ್ದು ನಲ್ಲಿಯ ಪಕ್ಕದ ಜಾಗ, ಒಂದು ಮಂಕರಿ ಮತ್ತು ಒಬ್ಬಳು ಮುದುಕಿ ಹಿಡಿಯುವಷ್ಟು. ಮೊದಲ ದಿನ ಆಸೆಗೆ ಬಿದ್ದು ಎರಡು ಮಂಕರಿ ಒಯ್ದೆ. ಸಂಜೆ ಶಿಫ್ಟು ಬಿಟ್ಟಿತು. ಬಸ್ಸಿಗೆ ಕಾಯುವ ಹುಡುಗಿಯರು ಓಡದೆ, ನೆರಳಲ್ಲಿ ನಿಂತು, ಆರಿಸಿ ಆರಿಸಿ ಕೊಂಡರು. ಮಂಜುಳಾ ಬಂದಳು. ನಾಲ್ಕು ತಿಂಗಳು ಕಂಡಿರಲಿಲ್ಲ. “ಎಲ್ಲೋಗ್ಬಿಟ್ಟಿದ್ರಿ ಅಜ್ಜೀ, ರೂಮಲ್ಲಿ ಬರೀ ಚಿತ್ರಾನ್ನ ತಿಂದು ತಿಂದು ಸಾಕಾಗೋಯ್ತು” ಎಂದು ನನ್ನ ಮೇಲೆಯೇ ಜೋರು ಮಾಡಿದಳು. ಜೋರು ಮಾಡಿಸಿಕೊಳ್ಳುವುದು ಇಷ್ಟು ಹಿತವಾಗಿರುತ್ತದೆ ಎಂದು ಗೊತ್ತಿರಲಿಲ್ಲ. ಪಕ್ಕದಲ್ಲಿ ಟೊಮೇಟೊ ಮಾರುವವಳು, ಆಚೆ ಅವರೆಕಾಯಿಯವನು, ಎಲ್ಲರೂ ನಮ್ಮ ಸುತ್ತಲ ಮಣ್ಣಿನವರೇ. ಅರ್ಧ ಗಂಟೆಯಲ್ಲಿ ನನ್ನ ಎರಡೂ ಮಂಕರಿ ಬರಿದಾದವು.

ಲಕ್ಷ್ಮಿ ಕರೆದುಕೊಂಡು ಹೋಗಲು ಸ್ಕೂಟರು ತಂದಳು.

“ಮುಗೀತಲ್ಲ ಅತ್ತೆ, ಏಳಿ ಹೋಗಣ.”

“ನೀನ್ ಹೋಗಿರವ್ವ. ನಾನ್ ಆಮೇಲೆ ಬತ್ತೀನಿ.”

“ಮಾರಕ್ಕೆ ಒಂದ್ ಎಲೆನೂ ಇಲ್ಲ. ಇಲ್ಲೇನ್ ಮಾಡ್ತೀರಾ?”

ನಾನು ಮಂಕರಿ ಮಗುಚಿಟ್ಟು, ಈಗ ನನ್ನದಾದ ಆ ಜಾಗದ ಸಿಮೆಂಟನ್ನು ಸೆರಗಿನಿಂದ ಒರೆಸಿದೆ. ಅವಳು ನನ್ನನ್ನು ನೋಡಿದಳು. ಏನು ಕಂಡಿತೋ, ಸ್ಕೂಟರಿಗೆ ಸ್ಟ್ಯಾಂಡ್ ಹಾಕಿ ಬಂದು, ಜಗಲಿಯ ಮೇಲೆ ನನ್ನ ಪಕ್ಕದಲ್ಲಿ ಕೂತಳು. ಬಸ್ಸುಗಳು ಬಂದವು, ಹೋದವು. ಇನ್ನೊಬ್ಬಳು ಹುಡುಗಿ ಓಡಿಬಂದು, “ಅಜ್ಜೀ, ಏನೈತೆ?” ಎಂದು ಕೇಳಿದಳು.

“ಇವತ್ತೇನಿಲ್ಲ ತಾಯಿ,” ಎಂದೆ, “ಸುಮ್ನೆ ಕೂತಿದೀನಿ.”